ಚೆನ್ನಾಗಿರುವ ನಾಯಿಗಳ ರಕ್ತವನ್ನೂ ನೋಡು

ಬಳ್ಳಾರಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾಯಿಗಳ ಉಣ್ಣಿ ಜ್ವರದ ಮೇಲೆ ಪಿಎಚ್‌.ಡಿ. ಮಾಡುತ್ತೇನೆ ಎಂದು ಬರೆದಿದ್ದೀಯ. ಖುಷಿಯಾಯಿತು. "ನಾಯಿ ಡಾಕ್ಟರಾಗೋಕೆ ಇಷ್ಟು ಓದಬೇಕಾ" ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ, ಅವರ ಮಾತು ಬಿಡು. ನಾನು ಕೆಲಸಕ್ಕೆ ಸೇರಿದಾಗ ಈ ಕಡೆ ಪಶು ಆಸ್ಪತ್ರೆಗೆ ಬರುತ್ತಿದ್ದದ್ದೆಲ್ಲ ಎತ್ತು, ಎಮ್ಮೆ, ಕುರಿ. ಈಗ ಡೆಂಗಿ ಕಾಟದಿಂದ ಪ್ಲೇಟ್‌ಲೆಟ್ ಅನ್ನುವ ಮಾತು ನಾಯಿ ಸಾಕಿದವರ ಬಾಯಲ್ಲೂ ಇದೆ.

ಆ ಪ್ಲೇಟ್‌ಲೆಟ್ ಬಗ್ಗೆಯೇ ನನ್ನ ಮಾತು. ಉಣ್ಣಿಯಿಂದ ಹರಡುವ ಎರ್ಲಿಕಿಯಾ ರೋಗ ಬಂದರೆ ಅದು ಇಳಿಯುತ್ತದೆ, ನಿಜ. ಆದರೆ ಯಾವ ಮಟ್ಟದಿಂದ ಇಳಿಯಿತು? ಗ್ರೇಹೌಂಡ್‌ಗಳಿಗೆ ಆರೋಗ್ಯವಾಗಿದ್ದಾಗಲೂ ಪ್ಲೇಟ್‌ಲೆಟ್ ಕಡಿಮೆ, ಕೆಂಪು ರಕ್ತಕಣ ಜಾಸ್ತಿ, ಕಿಡ್ನಿ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ತುಸು ಜಾಸ್ತಿ. ನಮ್ಮ ಮುಧೋಳ ನಾಯಿಯೂ ಅಂಥದ್ದೇ ಓಟದ ಬೇಟೆ ನಾಯಿ ಅಲ್ವಾ? ಅದಕ್ಕೂ ಹಾಗೇ ಇದೆಯಾ ಎಂದು ಊಹಿಸಬೇಡ, ರಕ್ತ ತೆಗೆದು ನೋಡು. ಲ್ಯಾಬ್ ರಿಪೋರ್ಟಿನ 'ನಾರ್ಮಲ್' ಅನ್ನುವ ಅಂಕಣವೇ 100 ಆರೋಗ್ಯವಂತ ಪ್ರಾಣಿಗಳಲ್ಲಿ 5ನ್ನು ಹೊರಗೆ ಬಿಟ್ಟು ಮಾಡಿದ್ದು. ನಿನ್ನದೇ ಅಂಕಣ ಸರಿಯಾಗಿ ಕಟ್ಟಬೇಕೆಂದರೆ ಕನಿಷ್ಠ 120 ಆರೋಗ್ಯವಂತ ನಾಯಿಗಳು ಬೇಕು. ಗೈಡ್ ಮುಖ ಸಿಂಡರಿಸಬಹುದು. ಕೇಳಿಯೇ ನೋಡು.

ಮಷೀನು ಪ್ಲೇಟ್‌ಲೆಟ್ 40,000 ಅಂದ ತಕ್ಷಣ ನಂಬಬೇಡ. ಸೂಜಿ ಹಾಕುವಾಗ ನಾಯಿ ಎಳೆದಾಡಿದರೆ ಪ್ಲೇಟ್‌ಲೆಟ್‌ಗಳು ಗಂಟುಕಟ್ಟುತ್ತವೆ, ಮಷೀನು ಅವನ್ನು ಎಣಿಸುವುದೇ ಇಲ್ಲ. ಸ್ಲೈಡ್ ಮಾಡಿ, ರಕ್ತ ತೆಳ್ಳಗಾಗಿ ಮುಗಿಯುವ ತುದಿಯನ್ನು ಮೊದಲು ನೋಡು, ಗಂಟುಗಳು ಅಲ್ಲೇ ಕೂತಿರುತ್ತವೆ. ಗಂಟಿಲ್ಲದಿದ್ದರೆ ಆಯಿಲ್ ಲೆನ್ಸಿನಲ್ಲಿ ಎಣಿಸು, ಒಂದು ಫೀಲ್ಡಿಗೆ, ಅಂದರೆ ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗಕ್ಕೆ, ಒಂದು ಕಂಡರೆ ಸುಮಾರು 15,000. ಹಾಗೇ ಕೆಂಪು ಕಣದೊಳಗೆ ಸಣ್ಣ ಉಂಗುರಗಳಿವೆಯಾ ನೋಡು. ಅವು ಬೆಬೇಸಿಯಾ ಗಿಬ್ಸೋನಿ ಅನ್ನುವ ಪರೋಪಜೀವಿ ಇರಬಹುದು, ಅದು ಇದ್ದರೂ ಪ್ಲೇಟ್‌ಲೆಟ್ ಇಳಿಯುತ್ತದೆ. 1910ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಮದ್ರಾಸಿನ ನಾಯಿಗಳಲ್ಲೇ. ಎರ್ಲಿಕಿಯಾಗೆ ಕೊಡುವ ಬರೀ ಡಾಕ್ಸಿಸೈಕ್ಲಿನ್‌ಗೆ ಅದು ಹೋಗುವುದಿಲ್ಲ.

ಔಷಧಿ 28 ದಿನ ಅಂದರೂ ನಾಯಿ ಅನ್ನ ತಿಂದ ದಿನವೇ ಜನ ನಿಲ್ಲಿಸುತ್ತಾರೆ. ಮತ್ತೆ ತೋರಿಸೋಕೆ ಬಾರದ ನಾಯಿಯನ್ನು ಸುಮ್ನೆ 'ಗುಣವಾಯಿತು' ಲೆಕ್ಕಕ್ಕೆ ಸೇರಿಸಬೇಡ. ಬರಲಿಲ್ಲ ಎಂದೇ ಬರೆ.

ರಾಯಚೂರಿನ ಬಿಸಿಲು ನಿನಗೆ ಗೊತ್ತೇ ಇದೆ. ಏಪ್ರಿಲ್‌, ಮೇನಲ್ಲಿ ನೀರಿಲ್ಲದೆ ಒಣಗಿದ ನಾಯಿಗೆ ಕ್ರಿಯಾಟಿನಿನ್ ಏರಿದರೆ ಕಿಡ್ನಿ ಹೋಯಿತು ಎಂದು ಹೇಳಿಬಿಡಬೇಡ. ಡ್ರಿಪ್ ಹಾಕುವ ಮುಂಚೆಯೇ ಮೂತ್ರ ಹಿಡಿದು ಸಾಂದ್ರತೆ ನೋಡು. ಡ್ರಿಪ್ ಹೋದ ಮೇಲೆ ಹಿಡಿದರೆ ಆ ಅಂಕಿಯಿಂದ ಪ್ರಯೋಜನವಿಲ್ಲ.

ರಜೆಗೆ ಬಂದಾಗ ಕೊಪ್ಪಳದ ಕಡೆ ಕುರಿ ಹಟ್ಟಿಗಳಿಗೆ ಹೋಗೋಣ. ಕುರಿಗಾರರು ನನ್ನ ಮಾತು ಕೇಳುತ್ತಾರೆ, ಆದರೆ ಅವರ ನಾಯಿಗಳ ರಕ್ತ ಯಾಕೆ ತೆಗೆಯುತ್ತೀಯ ಎಂದು ನೀನೇ ತಿಳಿಸಿ ಹೇಳಬೇಕು. ಎಥಿಕ್ಸ್ ಕಮಿಟಿ ಅನುಮತಿ ಪತ್ರ, ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬ್, ಐಸ್ ಬಾಕ್ಸ್ ನೀನು ತಾ. ಗಾಡಿ ನಾನು ನೋಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ