ಕೋಲಾರದ ಗ್ರಂಥಾಲಯದಲ್ಲಿ ಸಿಕ್ಕ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ಛತ್ರಿ ಹಿಡಿದು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗಣಿತ ಶಿಕ್ಷಕರ ತರಬೇತಿಯಲ್ಲಿ ಗಣಿತಜ್ಞ ಹಾನ್ಸ್ ಫ್ರಾಯ್ಡೆಂತಾಲ್ ಕುರಿತು ಮಾತನಾಡುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಬರೀ ಇಸವಿಗಳು: 1905ರಲ್ಲಿ ಜರ್ಮನಿಯಲ್ಲಿ ಜನನ, 1946ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ, 1990ರಲ್ಲಿ ನಿಧನ. “ಇದೇನು, ಸೇವಾ ಪುಸ್ತಕದ ನಕಲೇ?” ಎಂದು ನಕ್ಕಿರಿ. ಕೋಪ ಬಂತು, ಆದರೆ ಮಾತು ಸರಿಯಾಗಿತ್ತು.

ಆಮೇಲೆ ನೀವು ಹೇಳಿದ್ದೇ ನನ್ನ ಭಾಷಣವಾಯಿತು. ಹಿಗ್ಗಿಸಿದರೂ ಬಾಗಿಸಿದರೂ ಬದಲಾಗದ ಆಕಾರಗುಣಗಳನ್ನು ಅಧ್ಯಯನ ಮಾಡುವ ಟೊಪಾಲಜಿ ಎಂಬ ಗಣಿತ ಶಾಖೆಯಲ್ಲಿ ಹೆಸರು ಮಾಡಿದವರು, ನಾಜಿ ಆಕ್ರಮಣದ ಕಾಲದಲ್ಲಿ ಯಹೂದಿ ಎಂಬ ಕಾರಣಕ್ಕೆ ಹುದ್ದೆಯಿಂದ ದೂರವಾದವರು, ಅಷ್ಟು ದೊಡ್ಡ ಗಣಿತಜ್ಞರು 1971ರಲ್ಲಿ ಶಾಲಾ ಗಣಿತಕ್ಕಾಗಿಯೇ ಸಂಸ್ಥೆ ಕಟ್ಟಿದರು. ಸಿದ್ಧ ಗಣಿತವನ್ನು ಮಕ್ಕಳಿಗೆ ಬಡಿಸಬಾರದು, ಅವರೇ ಅದನ್ನು ಮರುಶೋಧಿಸಬೇಕು ಎಂಬುದು ಅವರ ಹಟ.

ಅರ್ಥವಾಗದೆ ನಾನು ಮುಖ ನೋಡಿದಾಗ, ಹಾಳೆಯ ಹಿಂಬದಿಯಲ್ಲಿ ಟೊಮೆಟೊ ಬಾಕ್ಸ್ ಬರೆದಿರಿ. 15 ಕೆ.ಜಿ.ಗೆ 450 ರೂಪಾಯಿ. ಅದರ ಕೆಳಗೆ 5 ಕೆ.ಜಿ.ಗೆ 150, ಎರಡನ್ನೂ ಕೂಡಿದರೆ 20 ಕೆ.ಜಿ.ಗೆ 600. ಸೂತ್ರದ ಸುದ್ದಿಯೇ ಇಲ್ಲ. ಅನುಪಾತದ ಕೋಷ್ಟಕ ತಾನಾಗಿ ಬೆಳೆಯಿತು. ತರಬೇತಿಯಲ್ಲಿ ಅದನ್ನೇ ಹಲಗೆಗೆ ಏರಿಸಿದೆ. ಮಂಡಿಯ ದರ ಬಲ್ಲ ಶಿಕ್ಷಕರೊಬ್ಬರು ನನ್ನ ಬೆಲೆಯನ್ನೇ ತಿದ್ದಿ ಲೆಕ್ಕ ಮುಂದುವರಿಸಿದರು. ಊಟದ ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

ತುಂಬು ಹೃದಯದ ಧನ್ಯವಾದಗಳು, ಸರ್. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಮ್ಮೆ ನಮ್ಮ ಏಳನೇ ತರಗತಿಗೆ ಬನ್ನಿ. ಹೇಳದೆ ಬಂದರೂ ನಡೆಯುತ್ತದೆ.