ಸುಟ್ಟ ಚೋಂಗ್‌ಶಿ ಇನ್ನು 50 ಗ್ರಾಂ ಗಾಜಿನ ಬಾಟಲಿಯಲ್ಲಿ ಮಾತ್ರ

ಮಾನ್ಯ ಗ್ರಾಹಕರಿಗೆ ಹಾಗೂ ನಮ್ಮಲ್ಲಿ ಕಚ್ಚಾವಸ್ತು ಕೊಳ್ಳುವ ಅಮ್ಚಿಗಳಿಗೆ (ಟಿಬೆಟನ್ ವೈದ್ಯರಿಗೆ) ನಮಸ್ಕಾರ, ತಾಶಿ ದೆಲೆಕ್.

ಜೂನ್ 1ರಿಂದ ಸುಟ್ಟ ಚೋಂಗ್‌ಶಿ ಪುಡಿಯ (ಔಷಧಿಗೆ ಬೆರೆಸುವ ಕಲ್ಲಿನ ಪುಡಿ) 250 ಗ್ರಾಂ ಪ್ಲಾಸ್ಟಿಕ್ ಪೊಟ್ಟಣ ನಿಲ್ಲುತ್ತದೆ. ಬದಲಿಗೆ ಬಿರಡೆಗೆ ಮೇಣ ಹಾಕಿದ 50 ಗ್ರಾಂ ಗಾಜಿನ ಬಾಟಲಿ ಬರುತ್ತದೆ. ನೋಂದಾಯಿತ ಅಮ್ಚಿಯ ಚೀಟಿ ತಂದವರಿಗೆ ಮಾತ್ರ ಕೊಡುತ್ತೇವೆ. ಗ್ರಾಂ ಲೆಕ್ಕದಲ್ಲಿ ಬೆಲೆಯೂ ತುಸು ಏರುತ್ತದೆ. ಯಾಕೆ ಎಂಬುದನ್ನು ನೀವು ತಿಳಿದುಕೊಂಡೇ ಕೊಳ್ಳಬೇಕು ಎಂಬುದು ನಮ್ಮ ಆಸೆ.

ಚೋಂಗ್‌ಶಿ ಎಂದರೆ ಕ್ಯಾಲ್ಸೈಟ್ ಕಲ್ಲು. ಸೋವಾ ರಿಗ್ಪಾದಲ್ಲಿ, ಅಂದರೆ ಟಿಬೆಟನ್ ವೈದ್ಯ ಪದ್ಧತಿಯಲ್ಲಿ, ಹೊಟ್ಟೆಗೆ ಸಂಬಂಧಿಸಿದ ಎಷ್ಟೋ ಯೋಗಗಳಿಗೆ (ಹಲವು ವಸ್ತು ಸೇರಿಸಿ ಮಾಡಿದ ಔಷಧಿಗಳಿಗೆ) ಇದೇ ಆಧಾರ. ಕಲ್ಲಿನಲ್ಲಿ ಗಂಡು, ಹೆಣ್ಣು, ಮಗ, ಮಗಳು, ನಪುಂಸಕ ಎಂದು ಐದು ಬಗೆ ಹೇಳುತ್ತಾರೆ. ಆದರೆ ರೋಗಿಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಸಂಸ್ಕಾರ, ಅಂದರೆ ಕಲ್ಲನ್ನು ಹದಗೊಳಿಸುವ ರೀತಿ. ಶೀತ ಹೆಚ್ಚಿ ಬೇಕೆನ್, ಅಂದರೆ ಕಫ, ಕೆರಳಿದಾಗ ಸುಟ್ಟದ್ದು. ಉಷ್ಣ ಇದ್ದಾಗ ಸುಡದೆ ತಂಪಾಗಿ ಸಂಸ್ಕರಿಸಿದ್ದು. ಎರಡೂ ಬಿಳಿ ಪುಡಿಯೇ. ಕಣ್ಣಳತೆಯಲ್ಲಿ ಗುರುತು ಹತ್ತುವುದಿಲ್ಲ.

ಸುಡುವ ಕೆಲಸ ಹೀಗೆ ನಡೆಯುತ್ತದೆ. ಕಲ್ಲನ್ನು ಅಡಿಕೆ ಗಾತ್ರಕ್ಕೆ ಒಡೆದು ಮಣ್ಣಿನ ಮೂಸೆಗೆ ತುಂಬಿ, ಮುಚ್ಚಳ ಹಾಕಿ ಇದ್ದಿಲ ಒಲೆಯಲ್ಲಿ ಇಡುತ್ತೇವೆ. ಮುಚ್ಚಳ ಬೇಕೇ ಬೇಕು: ಕ್ಯಾಲ್ಸೈಟ್ ಕಾಯುತ್ತಲೇ ಪಟಪಟ ಸಿಡಿಯುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ 100 ಗ್ರಾಂ ಕಲ್ಲು 56 ಗ್ರಾಂ ಸುಟ್ಟ ಸುಣ್ಣವಾಗುತ್ತದೆ. ತುಂಡು ದೊಡ್ಡದಾದರೆ ಒಳತಿರುಳು ಬೇಯದೆ ಗಾಜಿನಂತೆ ಹೊಳೆಯುತ್ತ ಉಳಿಯುತ್ತದೆ. ಉರಿ ಅತಿಯಾದರೆ ಕಲ್ಲು ಸತ್ತಂತಾಗಿ, ಅದ್ದಿದಾಗ ಅರಳದೆ ಆಮೇಲೆ ಬಾಟಲಿಯೊಳಗೆ ನಿಧಾನವಾಗಿ ತೇವ ಎಳೆದುಕೊಂಡು ಉಬ್ಬುತ್ತದೆ. ಸರಿಯಾಗಿ ಬೆಂದದ್ದನ್ನು ಹಾಲಿಗೆ ಒಂದೊಂದೇ ತುಂಡು ಬಿಡುತ್ತೇವೆ. ಒಟ್ಟಿಗೆ ಸುರಿದರೆ ಹಾಲು ಉಕ್ಕಿ ಕಣ್ಣಿಗೆ ಎರಚುತ್ತದೆ. ಅರಳಿದ ಹಿಟ್ಟನ್ನು ಒಣಗಿಸಿ, ಬಟ್ಟೆಯಲ್ಲಿ ಸೋಸಿ ತುಂಬುತ್ತೇವೆ.

ತಂಪು ಚೋಂಗ್‌ಶಿಯ ದಾರಿ ಬೇರೆ. ಪುಡಿಗಲ್ಲನ್ನು ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ನೀರಿನಲ್ಲಿ ಕುದಿಸಿ, ತೊಳೆದು, ನುಣ್ಣಗೆ ಅರೆಯುತ್ತೇವೆ. ಕೊನೆಯ ತೊಳೆನೀರನ್ನು ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಹನಿ ಹಾಕಿ ಆರಿಸಿದರೆ ಬಿಳಿ ಹರಳು ಉಳಿಯಬಾರದು. ಉಳಿದರೆ ಮತ್ತೆ ತೊಳೆಯಬೇಕು.

ಈಗ ಬಾಟಲಿಯ ವಿಷಯ. ಸುಟ್ಟ ಪುಡಿ ಗಾಳಿಗೆ ತೆರೆದುಕೊಂಡರೆ ಇಂಗಾಲದ ಡೈ ಆಕ್ಸೈಡನ್ನು ಮತ್ತೆ ಹೀರಿ ಮರಳಿ ಕಲ್ಲಿನ ಗುಣಕ್ಕೇ ತಿರುಗುತ್ತದೆ. ಎಲೆ ಅಡಿಕೆಯ ಡಬ್ಬಿಯಲ್ಲಿ ಸುಣ್ಣ ಗಟ್ಟಿಯಾಗುವುದೂ ಇದೇ. ಬೈಲಕುಪ್ಪೆಯ ಮಳೆಗಾಲದಲ್ಲಿ ಒಮ್ಮೆ ಬಾಯಿ ಬಿಚ್ಚಿದ ಪೊಟ್ಟಣ ಹೆಚ್ಚು ದಿನ ತಾಳುವುದಿಲ್ಲ. ಹಾಲಿನ ಅಂಶ ಇರುವುದರಿಂದ ವಾಸನೆಯೂ ಹಿಡಿಯುತ್ತದೆ. 50 ಗ್ರಾಂ ಆದರೆ ಕೆಡುವ ಮೊದಲೇ ಮುಗಿಯುತ್ತದೆ. ದಯವಿಟ್ಟು ಅಲ್ಯೂಮಿನಿಯಂ ಡಬ್ಬಿಗೆ ಸುರಿಯಬೇಡಿ, ಸುಣ್ಣ ಅದನ್ನು ತಿನ್ನುತ್ತದೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಜಿನ ತಟ್ಟೆಯಲ್ಲಿ ಚಿಟಿಕೆ ಪುಡಿ ಇಟ್ಟು ಎರಡು ಹನಿ ನಿಂಬೆರಸ ಬಿಡಿ. ಕೆಂಪು ಲೇಬಲ್‌ನ ಸುಟ್ಟ ಚೋಂಗ್‌ಶಿಯಲ್ಲಿ ನೊರೆ ಏಳಬಾರದು. ನೊರೆಯೆದ್ದರೆ ಅದು ಅರೆಬೆಂದದ್ದು ಇಲ್ಲವೆ ಗಾಳಿಯಾಡಿದ್ದು. ಬಳಸದೆ ನಮಗೆ ತಿಳಿಸಿ. ಬಿಳಿ ಲೇಬಲ್‌ನ ತಂಪು ಚೋಂಗ್‌ಶಿಯಲ್ಲಿ ನೊರೆ ಏಳಲೇಬೇಕು.

ಬೆಲೆಯ ಏರಿಕೆಯಲ್ಲಿ ಗಾಜಿನ ಪಾಲಿಗಿಂತ ಪರೀಕ್ಷೆಯ ಪಾಲು ದೊಡ್ಡದು. ಕ್ಯಾಲ್ಸೈಟ್ ಹಲವೆಡೆ ಸೀಸ, ಸತುವಿನ ಅದಿರಿನ ಜೊತೆಯಲ್ಲೇ ಸಿಗುತ್ತದೆ. ಗಿಡಮೂಲಿಕೆ ಔಷಧಿಗಳಿಗೆ ಭಾರತದ ಆಯುರ್ವೇದ ಫಾರ್ಮಕೋಪಿಯಾ ಹೇಳುವ ಮಿತಿಯನ್ನೇ (ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ನಾವು ನಮ್ಮ ಖನಿಜಕ್ಕೂ ಇಟ್ಟುಕೊಂಡಿದ್ದೇವೆ. ಬೆಂಕಿಯಲ್ಲಿ ಸೀಸ ಹೋಗಿಬಿಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ತಪ್ಪು. ಕಲ್ಲಿನ ತೂಕ ಇಳಿದಷ್ಟೂ ಉಳಿದದ್ದರಲ್ಲಿ ಸೀಸದ ಪ್ರಮಾಣ ಏರುತ್ತದೆ: 10 ಪಿಪಿಎಂ ಇದ್ದ ಕಲ್ಲು ಸುಟ್ಟ ಮೇಲೆ ಸುಮಾರು 18 ತೋರಿಸುತ್ತದೆ. ಆದ್ದರಿಂದ ಕಚ್ಚಾ ಕಲ್ಲಿನಲ್ಲೇ ಸೀಸ 5 ದಾಟಿದರೆ ಆ ಲೋಡು ವಾಪಸು.

ಚೀಟಿ ಕೇಳುವುದೇಕೆ? ಸುಟ್ಟ ಚೋಂಗ್‌ಶಿ ತೀಕ್ಷ್ಣ ಕ್ಷಾರ. ಅದು ಯೋಗಕ್ಕೆ ಸೇರಿಸುವ ವಸ್ತು; ಆಸಿಡಿಟಿ ಎಂದು ಚಮಚದಲ್ಲಿ ನೆಕ್ಕುವಂಥದ್ದಲ್ಲ, ಬಾಯಿ ಮತ್ತು ಅನ್ನನಾಳ ಸುಟ್ಟೀತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಚೋಂಗ್‌ಶಿ ಇರುವ ಯಾವುದೇ ಔಷಧಿಗೆ ಕನಿಷ್ಠ 4 ಗಂಟೆ ಅಂತರ ಇಡಿ, ಕ್ಯಾಲ್ಸಿಯಂ ಆ ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತದೆ. ಕಬ್ಬಿಣದ ಮಾತ್ರೆ, ಟೆಟ್ರಾಸೈಕ್ಲಿನ್‌ಗೂ ಇದೇ ತೊಂದರೆ. ಮೂತ್ರಪಿಂಡದ ಕಾಯಿಲೆ ಇರುವವರು ಅಮ್ಚಿಗೂ ನಿಮ್ಮ ಡಾಕ್ಟರಿಗೂ ಹೇಳದೆ ಮುಟ್ಟಬೇಡಿ.

ಪಾದರಸದ ಸಂಸ್ಕಾರವಾದ ಚೋಥಲ್ ಸೇರಿದ ರಿಂಚೆನ್ ಗುಳಿಗೆಗಳನ್ನು (ಅಮೂಲ್ಯ ವಸ್ತುಗಳ ಟಿಬೆಟನ್ ಗುಳಿಗೆ) ನಾವು ತಯಾರಿಸುವುದೂ ಇಲ್ಲ, ಮಾರುವುದೂ ಇಲ್ಲ. ಅವುಗಳಿಗೆ ಅಮ್ಚಿಯನ್ನೇ ಕಾಣಿ.

ಒಡೆಯದ ಹಳೆಯ ಪೊಟ್ಟಣಗಳನ್ನು ಜುಲೈ 31ರ ಒಳಗೆ ತಂದರೆ ಅಷ್ಟೇ ತೂಕದ ಬಾಟಲಿ ಕೊಡುತ್ತೇವೆ, ಹೆಚ್ಚುವರಿ ಹಣ ಬೇಡ. ಕೊರಿಯರ್‌ನಲ್ಲಿ ಕಳಿಸುವವರು ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆ ಹರಿಯದಂತೆ ನೋಡಿಕೊಳ್ಳಿ.

ಇಂತಿ,
ಸಹಕಾರ ಸಂಘದ ಖನಿಜ ಸಂಸ್ಕರಣಾ ವಿಭಾಗ