ಮಿಸ್ಟರ್ ಬೀನ್ ಬಾಯಿ ಮುಚ್ಚಿಕೊಂಡು ಗೆದ್ದವರಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಮಕ್ಕಳ ಪುಟದಲ್ಲಿ ಮಿಸ್ಟರ್ ಬೀನ್ ಪಾತ್ರ ಮಾಡಿದ ರೋವನ್ ಅಟ್ಕಿನ್‌ಸನ್ ಬಗ್ಗೆ ಒಂದು ಸಣ್ಣ ಬರಹ ಬಂದಿತ್ತು. ಅವರಿಗೆ ಚಿಕ್ಕಂದಿನಿಂದ ಉಗ್ಗು ಇತ್ತು, ಅದಕ್ಕೇ ಯಾರೂ ಅವಕಾಶ ಕೊಡಲಿಲ್ಲ, ಹೋದಲ್ಲೆಲ್ಲ ಬೇಡ ಅಂದರು, ಕೊನೆಗೆ ಮಾತೇ ಇಲ್ಲದ ಪಾತ್ರ ಮಾಡಿ ಜಗತ್ತನ್ನೇ ಗೆದ್ದರು ಅಂತ ಅದರಲ್ಲಿತ್ತು. ಇದೇ ಕಥೆ ವಾಟ್ಸಾಪ್‌ನಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಬರೆದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕಥೆ ತಪ್ಪು. ಆ ತಪ್ಪಿನಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳಲೇಬೇಕು ಅನ್ನಿಸಿತು. ಪತ್ರ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗ ಏಳನೇ ಕ್ಲಾಸು. ಅವನಿಗೂ ಉಗ್ಗು ಇದೆ. ಮೂರೂವರೆ ವರ್ಷಕ್ಕೆ ಶುರುವಾಯಿತು. ಮಗು ಅಲ್ವಾ, ತೊದಲು ಮಾತು, ತಾನಾಗೇ ಹೋಗುತ್ತದೆ ಅಂತ ಎಲ್ಲರೂ ಅಂದರು. ನಮ್ಮತ್ತೆ ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚಿದರು. ಪಾಪ, ಪ್ರೀತಿಯಿಂದಲೇ ಮಾಡಿದರು. ಹೋಗಲಿಲ್ಲ. ಒಂದು ಮಾತು ನೋಡಿ, ಮಗು ಚಿಕ್ಕದಿರುವಾಗ 'ತೊದಲು' ಅಂತ ಮುದ್ದು ಮಾಡುತ್ತೇವೆ. ಅದೇ ಮಗು ಹತ್ತು ವರ್ಷ ದಾಟಿದ ಮೇಲೆ ಅದನ್ನೇ 'ಉಗ್ಗು' ಅನ್ನುತ್ತೇವೆ. ಸ್ಕೂಲಿನಲ್ಲಿ ಅದು ಮಗುವಿನ ಹೆಸರೇ ಆಗಿಬಿಡುತ್ತದೆ.

ಅವನಿಗೆ ಎಲ್ಲಕ್ಕಿಂತ ಕಷ್ಟದ ಹೊತ್ತು ಬೆಳಗ್ಗೆ ಹಾಜರಿ ಕರೆಯುವಾಗ. ಉಗ್ಗು ಇರುವ ಬಹಳ ಜನಕ್ಕೆ ತಮ್ಮ ಹೆಸರು ಹೇಳುವುದೇ ದೊಡ್ಡ ಕಷ್ಟ. ಬೇರೆ ಶಬ್ದ ಸಿಕ್ಕಿಕೊಂಡರೆ ಅದೇ ಅರ್ಥದ ಇನ್ನೊಂದು ಪದ ಹುಡುಕಿಕೊಳ್ಳಬಹುದು, ಹೆಸರಿಗೆ ಬದಲಿ ಇಲ್ಲವಲ್ಲ. 'ಪ್ರೆಸೆಂಟ್ ಸರ್' ಅನ್ನುವುದಕ್ಕೂ ಹಾಗೇ. ಹಿಂದಿನ ಮೂರು ನಾಲ್ಕು ಹೆಸರು ಬರುವಾಗಲೇ ಅವನ ಕೈ ಬೆವರುತ್ತದೆ ಅಂತ ಅವನೇ ಹೇಳಿದ್ದಾನೆ.

ಆ ಭಾನುವಾರ ಪೇಪರ್ ಹಿಡಿದುಕೊಂಡು ಅಡುಗೆಮನೆಗೆ ಬಂದ. ನಾನು ಒಲೆ ಆರಿಸಿ ತಿರುಗಿ ನಿಂತೆ, ಅವನು ಮಾತಾಡುವಾಗ ನಾನು ಬೇರೆ ಕೆಲಸ ಮಾಡುವುದಿಲ್ಲ. 'ಅಮ್ಮಾ, ಹಾಗಾದ್ರೆ ನಾನೂ ಮಾತಾಡದೇ ಇದ್ರೆ ಆಯ್ತು ಅಲ್ವಾ?' ಅಂದ. ಇಷ್ಟು ಹೇಳುವುದಕ್ಕೆ ಅವನಿಗೆ ತುಂಬ ಹೊತ್ತು ಹಿಡಿಯಿತು. ಮುಖದಲ್ಲಿ ಬೇಜಾರೇನೂ ಇರಲಿಲ್ಲ. ದಾರಿ ಸಿಕ್ಕಿತು ಅನ್ನುವ ಸಮಾಧಾನ ಇತ್ತು. ನನಗೆ ಸಂಕಟವಾಗಿದ್ದು ಅದನ್ನು ನೋಡಿಯೇ.

ಅವತ್ತು ರಾತ್ರಿಯಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಹಳೆಯ ಕಾರ್ಯಕ್ರಮಗಳನ್ನು ಹುಡುಕಿ ನೋಡಿದೆ. ಉಗ್ಗು ಇರುವುದು ನಿಜ. ಅವರೇ ಹೇಳಿಕೊಂಡಿದ್ದಾರೆ. ಆದರೆ ಅದಕ್ಕಾಗಿ ಮಾತು ಬಿಟ್ಟು ಮೂಕ ಪಾತ್ರಕ್ಕೆ ಹೋದರು ಅನ್ನುವುದು ಸುಳ್ಳು. ಜನ ಅವರನ್ನು ಮೊದಲು ಗುರುತಿಸಿದ್ದೇ ಅವರ ಮಾತಿನಿಂದ.

1955ರ ಜನವರಿ 6ರಂದು ಇಂಗ್ಲೆಂಡಿನ ಉತ್ತರದಲ್ಲಿರುವ ಕಾನ್ಸೆಟ್ ಎಂಬ ಊರಲ್ಲಿ ಹುಟ್ಟಿದವರು. ಅಪ್ಪ ರೈತರು, ಒಂದು ಕಂಪನಿಯನ್ನೂ ನಡೆಸುತ್ತಿದ್ದರು. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ನ್ಯೂಕ್ಯಾಸಲ್‌ನಲ್ಲಿ ಡಿಗ್ರಿ ಮುಗಿಸಿ, 1975ರಲ್ಲಿ ಎಂಎಸ್ಸಿಗೆ ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ನಾಟಕದ ಗುಂಪುಗಳಲ್ಲಿ ರಿಚರ್ಡ್ ಕರ್ಟಿಸ್ ಅನ್ನುವ ಬರಹಗಾರ ಸಿಕ್ಕರು, ಆ ಜೊತೆ ಮುಂದೆ ಹತ್ತಾರು ವರ್ಷ ಉಳಿಯಿತು.

1979ರಲ್ಲಿ ಲಂಡನ್ನಿನಲ್ಲಿ ಆಮ್ನೆಸ್ಟಿ ಅನ್ನುವ ಮಾನವ ಹಕ್ಕುಗಳ ಸಂಸ್ಥೆಯ ಸಹಾಯಕ್ಕೆ ಅಂತ ಒಂದು ಹಾಸ್ಯ ಕಾರ್ಯಕ್ರಮ ನಡೆಯಿತು. ಅದರಲ್ಲಿ ಅವರು ಮಾಡಿದ್ದು ಏನು ಗೊತ್ತಾ? ಹಾಜರಿ ಕರೆಯುವ ಮೇಷ್ಟ್ರು! ಕಪ್ಪು ಗೌನು ಹಾಕಿಕೊಂಡು, ಮುಂದೆ ಪುಸ್ತಕ ಇಟ್ಟುಕೊಂಡು, ಕಾಣದ ಹುಡುಗರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಆ ಹೆಸರುಗಳೂ ವಿಚಿತ್ರ, ಹೇಳುವ ರೀತಿ ಇನ್ನೂ ವಿಚಿತ್ರ. ಒಂದೊಂದು ಅಕ್ಷರವನ್ನೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹೇಳುತ್ತಾರೆ, ನಡುವೆ ಬೇಕಂತಲೇ ನಿಲ್ಲಿಸುತ್ತಾರೆ, ಆ ನಿಲ್ಲಿಸಿದ ಜಾಗದಲ್ಲೇ ಜನ ನಗುತ್ತಾರೆ. ಉಗ್ಗು ಇರುವ ಮಗು ತರಗತಿಯಲ್ಲಿ ಯಾವ ಗಳಿಗೆಗೆ ಹೆದರುತ್ತದೋ ಅದೇ ಗಳಿಗೆಯ ಮೇಷ್ಟ್ರ ಕುರ್ಚಿಯಲ್ಲಿ ಈ ಮನುಷ್ಯ ಕೂತಿದ್ದರು. ಇದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಅದೇ ವರ್ಷ ಬಿಬಿಸಿ ಎರಡನೇ ಚಾನೆಲ್‌ನಲ್ಲಿ 'ನಾಟ್ ದ ನೈನ್ ಓ ಕ್ಲಾಕ್ ನ್ಯೂಸ್' ಶುರುವಾಯಿತು. ಸುದ್ದಿಯನ್ನು ಅಣಕಿಸುವ ಕಾರ್ಯಕ್ರಮ, ಇಡೀ ಪ್ರೋಗ್ರಾಮ್ ನಿಂತಿದ್ದೇ ಮಾತಿನ ಮೇಲೆ, 1982ರವರೆಗೆ ಬಂತು. ಅದರ ನಟನೆಗೆ ಅವರಿಗೆ ಬಾಫ್ಟಾ ಸಿಕ್ಕಿತು, ಅದು ಬ್ರಿಟನ್ನಿನ ದೊಡ್ಡ ಸಿನಿಮಾ, ಟೀವಿ ಪ್ರಶಸ್ತಿ. 1981ರಲ್ಲಿ ರಂಗಭೂಮಿಯ ಹಾಸ್ಯಕ್ಕೆ ಆಲಿವಿಯರ್ ಪ್ರಶಸ್ತಿ. ಆಗಿನ್ನೂ 26 ವರ್ಷ. ಯಾರೂ ಅವಕಾಶ ಕೊಡಲಿಲ್ಲ ಅನ್ನುವ ಮಾತು ಇಲ್ಲೇ ಬಿದ್ದುಹೋಯಿತು ಅಲ್ವಾ?

ಆಮೇಲೆ 'ಬ್ಲ್ಯಾಕ್ ಆಡರ್' ಅನ್ನುವ ಟೀವಿ ಹಾಸ್ಯ ಧಾರಾವಾಹಿ. ನಮ್ಮಲ್ಲಿ ಇದನ್ನು ನೋಡಿದವರು ಕಡಿಮೆ. 1983ರಿಂದ 1989ರ ನಡುವೆ ನಾಲ್ಕು ಸರಣಿ, ಒಟ್ಟು 24 ಕಂತು. ಒಂದೊಂದು ಸರಣಿ ಒಂದೊಂದು ಕಾಲದ್ದು, ರಾಜರ ಕಾಲದಿಂದ ಶುರುವಾಗಿ ಮೊದಲನೇ ಮಹಾಯುದ್ಧದ ಕಂದಕದವರೆಗೆ. ಅದರಲ್ಲಿ ಅಟ್ಕಿನ್‌ಸನ್ ಮಾಡಿದ ಎಡ್ಮಂಡ್ ಅನ್ನುವ ಪಾತ್ರಕ್ಕೆ ಇರುವ ಒಂದೇ ಆಯುಧ ನಾಲಿಗೆ. ಬೈಗುಳವನ್ನೂ ಪದ್ಯದ ಹಾಗೆ ಜೋಡಿಸಿ, ಉಸಿರು ಬಿಡದೆ ಹೇಳುವ ಉದ್ದುದ್ದ ಮಾತುಗಳು. ಉಗ್ಗು ಇಲ್ಲದ ನಟರಿಗೂ ಅದು ಸುಲಭ ಅಲ್ಲ. ಎರಡನೇ ಸರಣಿಯಲ್ಲಿ ಹುಡುಗನ ವೇಷ ಹಾಕಿದ ಒಬ್ಬ ಹುಡುಗಿ ಬರುತ್ತಾಳೆ, ಹೆಸರು 'ಬಾಬ್'. ಅಟ್ಕಿನ್‌ಸನ್ ಅವರಿಗೆ ಜಾಸ್ತಿ ತೊಂದರೆ ಕೊಡುವ ಅಕ್ಷರವೇ 'ಬ'. ಆ ಹೆಸರಿಗೆ ಬಂದಾಗ ಅವರು ತುಟಿ ಒತ್ತಿ, ಪಟಾಕಿ ಹೊಡೆದ ಹಾಗೆ 'ಬಾಬ್' ಅನ್ನುತ್ತಾರೆ. ತಡೆಯುವ ಅಕ್ಷರವನ್ನೇ ಬೇಕಂತ ಒತ್ತಿ ಹೇಳುವುದು ಅವರು ಕಂಡುಕೊಂಡ ದಾರಿ. ನೋಡುವವರಿಗೆ ಅದೇ ತಮಾಷೆ. ನನ್ನ ಮಗ ಇದನ್ನು ಎಂಟು ಸಲ ನೋಡಿದ.

ಇನ್ನೊಂದು ಮಾತನ್ನೂ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೇರೆಯವರ ಪಾತ್ರ ಮಾಡುವಾಗ ತಮ್ಮ ಉಗ್ಗು ಮಾಯವಾಗುತ್ತದೆ, ನಟನೆಯ ಕಡೆ ಬರಲು ಅದೂ ಒಂದು ಕಾರಣ ಇರಬಹುದು ಅಂತ. ಇದು ಅವರೊಬ್ಬರ ಅನುಭವ ಅಲ್ಲ. ಹಾಡುವಾಗ, ಎಲ್ಲರ ಜೊತೆ ಒಟ್ಟಿಗೆ ಓದುವಾಗ, ಪಿಸುಗುಟ್ಟುವಾಗ ಉಗ್ಗು ಕಡಿಮೆಯಾಗುವುದು ತುಂಬ ಜನರಲ್ಲಿ ಕಾಣುತ್ತದೆ. ನನ್ನ ಮಗನೂ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಹಾಡುವಾಗ ಒಂದು ಅಕ್ಷರ ತಪ್ಪುವುದಿಲ್ಲ. ಹಾಗಂದ ಮಾತ್ರಕ್ಕೆ ಉಳಿದ ಹೊತ್ತು ನಾಟಕ ಆಡುತ್ತಿದ್ದಾನೆ ಅಂತಲ್ಲ. ಇದನ್ನು ಟೀಚರುಗಳಿಗೆ ಹೇಳಿ ಹೇಳಿ ಸಾಕಾಗಿದೆ ನನಗೆ.

ಈಗ ಬೀನ್ ವಿಷಯಕ್ಕೆ ಬರುತ್ತೇನೆ. 1990ರ ಜನವರಿ 1ರಂದು ಮೊದಲ ಕಂತು ಬಂತು. ಅಟ್ಕಿನ್‌ಸನ್‌ಗೆ 35 ತುಂಬಲು ಐದು ದಿನ ಬಾಕಿ. ಆ ಹೊತ್ತಿಗೆ ಅವರು ಹತ್ತು ವರ್ಷದಿಂದ ಬ್ರಿಟನ್ನಿನ ಮನೆಮನೆಗೂ ಗೊತ್ತಿದ್ದ ಮಾತುಗಾರ. ಬೀನ್ ಪಾತ್ರದ ಬೀಜ ಆಕ್ಸ್‌ಫರ್ಡ್ ದಿನಗಳಲ್ಲೇ ಇತ್ತು. ದೊಡ್ಡವರ ಮೈಯೊಳಗೆ ಸಿಕ್ಕಿಕೊಂಡ ಮಗು ಅಂತ ಅವರೇ ಅದನ್ನು ವಿವರಿಸುತ್ತಾರೆ. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾಸ್ಯೋತ್ಸವ ನಡೆದಾಗ, ತನ್ನನ್ನು ಇಂಗ್ಲಿಷ್ ಕಾರ್ಯಕ್ರಮಕ್ಕೆ ಹಾಕಬೇಡಿ, ಫ್ರೆಂಚ್ ಕಾರ್ಯಕ್ರಮಕ್ಕೇ ಹಾಕಿ ಅಂತ ಹಟ ಹಿಡಿದರು. ತನ್ನ ಭಾಷೆ ಗೊತ್ತಿಲ್ಲದ ಜನ ಬರೀ ಮೈ ಮುಖ ನೋಡಿ ನಗುತ್ತಾರಾ ಅಂತ ಪರೀಕ್ಷೆ ಮಾಡಬೇಕಿತ್ತು. ಹೆಸರನ್ನೂ ಮೊದಲ ಕಂತು ತಯಾರಾದ ಮೇಲೇ ಇಟ್ಟಿದ್ದು. ತರಕಾರಿ ಹೆಸರುಗಳ ಸಾಲಿನಲ್ಲಿ ಹೂಕೋಸು ಕೂಡ ಇತ್ತಂತೆ, ಕೊನೆಗೆ ಬೀನ್ ಉಳಿಯಿತು.

ಅಂದರೆ ಮಾತು ಕಡಿಮೆ ಮಾಡಿದ್ದು ಅವರು ಯೋಚಿಸಿ ಆರಿಸಿಕೊಂಡ ದಾರಿ. ಫ್ರೆಂಚ್ ನಟ ನಿರ್ದೇಶಕ ಜಾಕ್ ತಾತಿ ಅವರ ಚಿತ್ರಗಳ ಪ್ರಭಾವ ಅದರ ಹಿಂದಿದೆ. ಬೀನ್ ಪೂರ್ತಿ ಮೂಕನೂ ಅಲ್ಲ, ಗೊಣಗುತ್ತಾನೆ, ಅಗತ್ಯ ಬಿದ್ದರೆ ಒಂದೆರಡು ಪದ ಆಡುತ್ತಾನೆ. ಟೀವಿಗೆ ಅಂತ ಮಾಡಿದ್ದು ಬರೀ 15 ಕಂತು, ಅದರಲ್ಲೂ ಒಂದು ಮೊದಲು ವಿಡಿಯೋ ಕ್ಯಾಸೆಟ್‌ನಲ್ಲಿ ಬಂದಿದ್ದು. 1995ಕ್ಕೆ ಮುಗಿದೇ ಹೋಯಿತು. ನಮ್ಮ ಮಕ್ಕಳು ಪೋಗೋ ಚಾನೆಲ್‌ನಲ್ಲಿ ನೋಡಿ ನೋಡಿ ನೂರಾರು ಕಂತು ಇದೆ ಅಂದುಕೊಂಡಿದ್ದಾರೆ. 2002ರಲ್ಲಿ ಬಂದ ಕಾರ್ಟೂನ್ ಸೇರಿದ್ದರಿಂದ ಹಾಗೆ ಅನ್ನಿಸುತ್ತದೆ. ಪರೀಕ್ಷೆ ಕೊಠಡಿಯಲ್ಲಿ ಪಕ್ಕದವನ ಪೇಪರ್ ಇಣುಕಿ ನೋಡುವುದು, ಚರ್ಚಿನಲ್ಲಿ ತೂಕಡಿಸುವುದು, ಇದೆಲ್ಲ ಮೊದಲನೇ ಕಂತಿನಲ್ಲೇ ಇದೆ. ನಮ್ಮ ಮಾವನವರಿಗೆ ಇಂಗ್ಲಿಷ್ ಬರುವುದಿಲ್ಲ, ಅವರೂ ಮೊಮ್ಮಗನೂ ಒಟ್ಟಿಗೆ ಕೂತು ನಗುತ್ತಾರೆ. ಮಾಂಟ್ರಿಯಲ್‌ನಲ್ಲಿ ಅವರು ಪರೀಕ್ಷೆ ಮಾಡಿದ್ದು ಇದನ್ನೇ ಅಲ್ವಾ?

ಸಿನಿಮಾಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಬೀನ್ ಎರಡು ಸಿನಿಮಾ, ಜಾನಿ ಇಂಗ್ಲಿಷ್ ಮೂರು, ಎಲ್ಲರಿಗೂ ಗೊತ್ತಿರುವುದೇ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆರ್ಕೆಸ್ಟ್ರಾ ಮಧ್ಯೆ ಕೂತು ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಾ ಬೇಜಾರಾಗಿದ್ದನ್ನೂ ಜನ ನೋಡಿದ್ದಾರೆ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು, ಅದು ಎಷ್ಟು ಜನಕ್ಕೆ ಗೊತ್ತು? ಅಲ್ಲಿನ ಒಂದು ಕಾನೂನಿನಲ್ಲಿ ಅವಮಾನಕರ ಮಾತು ಆಡಿದರೂ ಅಪರಾಧ ಅಂತ ಇತ್ತು. ಅದನ್ನು ತೆಗೆಯಿರಿ ಅಂತ ನಡೆದ ಚಳವಳಿಯ ಪರವಾಗಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಿಂತು ಭಾಷಣ ಮಾಡಿದರು. ಪಾತ್ರದ ವೇಷ ಇಲ್ಲ, ತಾವು ತಾವಾಗಿಯೇ ನಿಂತು ಮಾತಾಡಿದ್ದು. 2013ರಲ್ಲಿ 'ಅವಮಾನಕರ' ಅನ್ನುವ ಪದವನ್ನು ಆ ಕಾನೂನಿನಿಂದ ತೆಗೆಯಲು ಅಲ್ಲಿನ ಸಂಸತ್ತು ಒಪ್ಪಿತು. ಮಾತಾಡುವ ಹಕ್ಕಿಗೆ ನಿಂತವರನ್ನು ನಾವು ಬಾಯಿ ಮುಚ್ಚಿ ಗೆದ್ದವರು ಅಂತ ಮಕ್ಕಳಿಗೆ ಹೇಳುತ್ತಿದ್ದೇವೆ. ಇದು ಸರಿಯಾ ಸಂಪಾದಕರೇ?

ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ ಅನ್ನುವುದು ಎಲ್ಲ ಕಡೆ ಒಪ್ಪಿದ ಅಂದಾಜು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 6 ಕೋಟಿ 11 ಲಕ್ಷ. ಆ ಲೆಕ್ಕ ಹಿಡಿದರೆ ಲಕ್ಷಗಟ್ಟಲೆ ಜನ ಆದರು. ಇವರೆಲ್ಲ ಎಲ್ಲಿದ್ದಾರೆ? ಬಸ್ಸಿನಲ್ಲಿ ಇಳಿಯುವ ಊರಿನ ಹೆಸರು ಹೇಳಲಾಗದೆ ಸುಮ್ನೆ ಮುಂದಿನ ಸ್ಟಾಪಿನವರೆಗೆ ಟಿಕೆಟ್ ತಗೊಂಡವರು, ಫೋನ್ ಬಂದರೆ ಎತ್ತದವರು, ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು. ಅವರು ಆಗಲೇ ಸುಮ್ಮನಿದ್ದಾರೆ. ಇನ್ನೂ ಸುಮ್ಮನಿರಿ, ಒಂದು ದಿನ ದೊಡ್ಡವರಾಗುತ್ತೀರಿ ಅಂತ ಹೇಳುವ ಕಥೆ ಅವರಿಗೆ ಬೇಡ.

ಉಗ್ಗು ಹೆದರಿಕೆಯಿಂದ ಬರುವುದಲ್ಲ, ಅಪ್ಪ ಅಮ್ಮ ಗದರಿಸಿದ್ದರಿಂದ ಬರುವುದೂ ಅಲ್ಲ. ಎಷ್ಟೋ ಸಲ ಮನೆತನದಲ್ಲಿ ಬರುತ್ತದೆ, ಮಿದುಳು ಮಾತನ್ನು ಜೋಡಿಸಿ ಹೊರಡಿಸುವ ರೀತಿಗೆ ಸೇರಿದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅರವತ್ತರ ದಶಕದಿಂದ ಕೆಲಸ ಮಾಡುತ್ತಿದೆ, ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಮ್ಮ ರಾಜ್ಯದಲ್ಲೇ ಇದ್ದರೂ ನನಗೆ ಅದು ಗೊತ್ತಾಗಿದ್ದು ಮಗನಿಗೆ ಒಂಬತ್ತು ವರ್ಷ ಆದ ಮೇಲೆ. ಮಕ್ಕಳ ಪುಟದ ಆ ಬರಹದ ಕೊನೆಯಲ್ಲಿ ಇದೊಂದು ಸಾಲು ಇದ್ದಿದ್ದರೆ ಯಾವುದಾದರೂ ತಾಯಿಗೆ ನಾಲ್ಕೈದು ವರ್ಷ ಉಳಿಯುತ್ತಿತ್ತು.

ಟೀವಿಯವರಿಗೂ ಒಂದು ಮಾತು. ನಮ್ಮ ಕಾಮಿಡಿ ಸ್ಕಿಟ್‌ಗಳಲ್ಲಿ ಏನೂ ಹೊಳೆಯದಿದ್ದಾಗ ಒಂದು ಉಗ್ಗುವ ಪಾತ್ರ ತಂದು ನಿಲ್ಲಿಸುತ್ತಾರೆ. ಅವನು 'ಪ ಪ ಪ' ಅಂದ ತಕ್ಷಣ ಹಿಂದಿನಿಂದ ನಗು. ಮರುದಿನ ಸ್ಕೂಲಿನಲ್ಲಿ ಅದೇ 'ಪ ಪ ಪ' ನನ್ನ ಮಗನ ಬೆನ್ನ ಹಿಂದೆ ಕೇಳುತ್ತದೆ. ಬೀನ್ ನೋಡಿ ನಾವು ನಗುವುದು ಅವನ ಹಟಕ್ಕೆ, ಸ್ವಾರ್ಥಕ್ಕೆ, ಸಣ್ಣ ಕೆಲಸಕ್ಕೂ ಅವನು ಮಾಡುವ ಅತಿ ಬುದ್ಧಿವಂತಿಕೆಗೆ. ದೇಹದ ಕೊರತೆಗೆ ಅಲ್ಲ. ಆ ವ್ಯತ್ಯಾಸ ಬರೆಯುವವರಿಗೆ ಗೊತ್ತಿರಬೇಕು.

ಮೇಷ್ಟ್ರುಗಳಿಗೆ ನನ್ನ ಕೋರಿಕೆ ಇಷ್ಟೇ. ಹಾಜರಿಗೆ ಕೈ ಎತ್ತಿದರೂ ಸಾಕು ಅಂತ ಇಡೀ ತರಗತಿಗೆ ಹೇಳಿ, ಒಂದು ಮಗುವಿಗೆ ಮಾತ್ರ ಅಲ್ಲ. ಮಗು ಮಾತಾಡುವಾಗ ಅದರ ವಾಕ್ಯವನ್ನು ನೀವು ಮುಗಿಸಬೇಡಿ. ನಿಧಾನ, ಉಸಿರು ತಗೋ ಅಂತಲೂ ಹೇಳಬೇಡಿ. ಸುಮ್ನೆ ಮುಖ ನೋಡುತ್ತಾ ಕಾಯಿರಿ.

ನಿಮಗೆ ನನ್ನ ಕೋರಿಕೆ, ಮುಂದಿನ ಭಾನುವಾರ ಅದೇ ಮಕ್ಕಳ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿ. ಅಟ್ಕಿನ್‌ಸನ್ ಉಗ್ಗು ಇಟ್ಟುಕೊಂಡೇ ಹತ್ತು ವರ್ಷ ಮಾತಾಡಿ ಹೆಸರು ಮಾಡಿದರು, ಆಮೇಲೆ ಬೀನ್ ಬಂದ ಅಂತ. ಮೂಲೆಯಲ್ಲಿ ಚಿಕ್ಕದಾಗಿ ಹಾಕಬೇಡಿ, ಮಕ್ಕಳಿಗೆ ಕಾಣುವ ಹಾಗೆ ಹಾಕಿ. ನಮ್ಮ ಮನೆಯಲ್ಲಿ ಪೇಪರ್ ಮೊದಲು ತೆಗೆಯುವವನು ಅವನೇ. ಸ್ಕೂಲ್ ಡೇಗೆ ಅವನ ಗೆಳೆಯರು ಒಂದು ನಾಟಕ ಮಾಡುತ್ತಿದ್ದಾರೆ, ಅದರಲ್ಲಿ ಹಾಜರಿ ಕರೆಯುವ ಮೇಷ್ಟ್ರ ಪಾತ್ರ ತನಗೆ ಬೇಕು ಅಂತ ಮೊನ್ನೆ ಕೇಳಿದ್ದಾನಂತೆ. ಕೊಡುತ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಇಂತಿ,
ಏಳನೇ ತರಗತಿ ಹುಡುಗನ ತಾಯಿ, ಹಾಸನ